ಮರಳಲ್ಲಿ ಸಿಕ್ಕ ಹಲ್ಲು

ಅತ್ತೆಯ ಬಾಯಲ್ಲಿ ಉಳಿದಿದ್ದ ಒಂದೇ ಒಂದು ಹಲ್ಲು ಕಾಣೆಯಾದ ಸುದ್ದಿ ಗೊತ್ತಾದ ಬೆಳಿಗ್ಗೆ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಅತ್ತೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಅಪ್ಪ ತೀರಿಕೊಂಡ ದಿನವೂ ಅಮ್ಮ ಹೀಗೆಯೇ ಕೂತಿದ್ದಳೆಂದು ಮಗಳು ಕಣ್ಣೊರೆಸಿಕೊಂಡಳು.

“ನಿಮ್ಮಪ್ಪನ್ನ ಕಂಡಿದ್ದ ಹಲ್ಲು ಕಣೆ ಅದು,” ಅಂದರು ಅತ್ತೆ ಬಟ್ಟೆಯೊಳಗಿಂದಲೇ. “ಉಳಿದವೆಲ್ಲ ಒಂದೊಂದಾಗಿ ಹೋದ್ವು. ಇದೊಂದು ನನ್ನ ಕೈಬಿಟ್ಟಿರ್ಲಿಲ್ಲ.”

ಬೆಳಿಗ್ಗೆ ವರಾಂಡ ಗುಡಿಸಿದವನು ಅಳಿಯ. ಕಸವನ್ನು ಮೆಟ್ಟಿಲ ಪಕ್ಕದ ಮರಳ ರಾಶಿಗೆ ಎಸೆದವನೂ ಅವನೇ. ಗೋಡೆ ರಿಪೇರಿ ಮಾಡಿ ಮಿಕ್ಕ ಆ ಮರಳು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ದಾರಿಗಡ್ಡವಾಗಿ ಮಲಗಿತ್ತು. ಅದನ್ನು ಹಿತ್ತಲಿಗೆ ಸಾಗಿಸು ಎಂದು ಅತ್ತೆ ಹೇಳಿದಾಗಲೆಲ್ಲ ಅಳಿಯನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ಆ ಮನೆಯ ಮುಂದಿನ ಕೋಣೆಯೇ ಅವನ ಗಡಿಯಾರ ರಿಪೇರಿ ಅಂಗಡಿ. ಬೋರ್ಡಿನ ಮೇಲೆ ಇನ್ನೂ ಮಾವನ ಹೆಸರು. ಅಂಗಡಿಯ ಬೀಗದ ಕೈ ಈಗ ಅತ್ತೆಯ ಬೆರಳಿನಲ್ಲಿ ತೂಗುತ್ತಿತ್ತು.

“ನೀನು ಗುಡಿಸಿ ಎಸೆದ ಕಸದಲ್ಲೇ ಹೋಗಿದೆ. ಹಲ್ಲು ತಂದುಕೊಡಪ್ಪ, ಕೀಲಿ ಕೊಡ್ತೀನಿ. ಇಲ್ದಿದ್ರೆ ಬೇರೆ ಕಡೆ ಅಂಗಡಿ ನೋಡ್ಕೋ.”

ಅಳಿಯ ಅಡುಗೆಮನೆಯ ಜರಡಿ ಹಿಡಿದು ಮರಳಿಗಿಳಿದ. ಎದುರು ಮನೆಯ ಕಂಪೌಂಡರು ಸ್ಟೂಲು ತಂದು ಹಾಕಿಕೊಂಡು ಕೂತರು.

“ಒಬ್ಬರ ಹಲ್ಲಿಗೆ ಇಷ್ಟು ಮರಳು ಜರಡಿ ಹಿಡಿಯೋದು ನಾನು ನೋಡಿರ್ಲಿಲ್ಲ ಬಿಡಿ.”

“ಒಂದು ಕೈ ಹಾಕಬಾರ್ದಾ?”

“ನಾನು ಔಷಧಿ ಕೊಡೋನು ಮಾರಾಯ್ರೇ. ಸಂಜೆ ಬನ್ನಿ, ಸೊಂಟಕ್ಕೆ ಮುಲಾಮು ಕೊಡ್ತೀನಿ.”

ಸೋಸಿದ ಮರಳನ್ನು ಅವನು ಅಲ್ಲೇ ಸುರಿಯಹೋದಾಗ ಅತ್ತೆ ಕುರ್ಚಿಯಿಂದಲೇ ತಡೆದರು. “ನೋಡಿದ್ದು ನೋಡದ್ದು ಬೆರೆತುಹೋಗತ್ತೆ. ಹಿತ್ತಲಿಗೆ ಹಾಕು.” ಮಾತು ನ್ಯಾಯವಾಗಿತ್ತು. ಬುಟ್ಟಿ ಬುಟ್ಟಿಯಾಗಿ ಮರಳು ಹಿತ್ತಲಿಗೆ ಹೋಯಿತು.

ರಾಶಿ ಕರಗಿ ನೆಲ ಕಾಣುವ ಹೊತ್ತಿಗೆ ಜರಡಿಯಲ್ಲಿ ಏನೋ ಟಣ್ ಎಂದಿತು. ಕರಿ ಬಣ್ಣ, ಮೂರು ಮೂಲೆ, ಹೆಬ್ಬೆರಳಿಗಿಂತ ಅಗಲ, ಎಣ್ಣೆ ಸವರಿದಂಥ ಹೊಳಪು.

“ಹಲ್ಲೇ ಇದು,” ಎಂದರು ಕಂಪೌಂಡರು. “ಆದರೆ ನಿಮ್ಮತ್ತೆ ಬಾಯಲ್ಲಿ ಇದು ಹಿಡೀತಿತ್ತಾ?”

“ಬಾಯಿಗೇನು, ದೊಡ್ಡದೇ ಇದೆ,” ಎಂದು ಅಳಿಯ ಮೆಲ್ಲಗೆ ಹೇಳಿ ಬೀದಿ ಕೊನೆಯ ಮನೆಗೆ ಓಡಿದ. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವ ಟೀಚರಮ್ಮ ಅಲ್ಲಿದ್ದರು. ನಡೆದಲ್ಲೆಲ್ಲ ಕಲ್ಲು ಆರಿಸುತ್ತಿದ್ದ ಅವರನ್ನು ಬೀದಿಯವರು ಕಲ್ಲು ಮೇಡಂ ಎನ್ನುತ್ತಿದ್ದರು.

ಕಲ್ಲು ಮೇಡಂ ಅದನ್ನು ಬೆಳಕಿಗೆ ಹಿಡಿದರು. ಅವರ ದನಿಯೇ ಇಳಿಯಿತು. “ಅಂಚು ಮುಟ್ಟಿ ನೋಡಿ, ಸಣ್ಣ ಗರಗಸ ಇದ್ದ ಹಾಗಿದೆ. ಬುಡ ಕವಲೊಡೆದಿದೆ. ಇದು ಶಾರ್ಕ್ ಮೀನಿನ ಹಲ್ಲು. ಕಲ್ಲಾಗಿಹೋಗಿದೆ. ಲಕ್ಷಾಂತರ ವರ್ಷದ ಹಳೇದು.”

“ಶಾರ್ಕು ನಮ್ಮನೆ ಮೆಟ್ಟಿಲ ಹತ್ರ ಯಾಕೆ ಬಂತು?”

“ಮರಳಿನ ಜೊತೆ ಬಂದಿದೆ. ಅದು ಬದುಕಿರೋವರೆಗೂ ಹಲ್ಲು ಉದುರಿಸ್ತಾ, ಹೊಸದು ಹುಟ್ಟಿಸ್ತಾ ಇರತ್ತೆ. ನಮ್ಮ ಕಾಲೇಜಿನ ಗಾಜಿನ ಬೀರುವಿನಲ್ಲಿ ಇಡೋಣ. ಪಕ್ಕದಲ್ಲಿ ಒಂದು ಚೀಟಿ. ಕಂಡುಹಿಡಿದವರು ಅಂತ ನಿಮ್ಮ ಹೆಸರು.”

ಅಳಿಯ ಅಂಗಿಗೆ ಅಂಟಿದ್ದ ಮರಳು ಕೊಡವಿಕೊಂಡ. ಮದುವೆಯಾದ ಮೇಲೆ ಅವನ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಸಿಕ್ಕ ಜಾಗ ತೋರಿಸಲು ಮೇಡಂ ಅವರನ್ನು ಕರೆದುಕೊಂಡು ಹೊರಟಾಗ ಅವನ ಕಾಲು ನೆಲದ ಮೇಲಿರಲಿಲ್ಲ.

ಮೆಟ್ಟಿಲ ಬಳಿ ಅತ್ತೆ ಕೈ ಚಾಚಿ ಹಲ್ಲನ್ನು ತೆಗೆದುಕೊಂಡರು. ತಿರುಗಿಸಿ ನೋಡಿದರು. ಎದೆಗೊತ್ತಿಕೊಂಡರು.

“ಇದೇ ನನ್ನ ಹಲ್ಲು.”

“ಅಮ್ಮಾ, ಅದು ಶಾರ್ಕಿಂದು,” ಎಂದರು ಮೇಡಂ.

“ನನ್ನ ಬಾಯಿ ನಿಮಗೆ ಶಾರ್ಕಿನ ಬಾಯಿ ಥರ ಕಾಣತ್ತಾ?”

ಕಂಪೌಂಡರು ಕೆಮ್ಮಿದರು. ಮಗಳು ಗೋಡೆಗೆ ತಿರುಗಿ ನಗು ನುಂಗುತ್ತ ಭುಜ ಕುಲುಕಿಸಿದಳು.

ಮೇಡಂ ಅಳಿಯನ ಕಡೆ ತಿರುಗಿದರು. “ಸಿಕ್ಕಿದ್ದು ನಿಮಗೆ. ನಿಮ್ಮ ಮಾತಿನ ಮೇಲೇ ನಾನು ಚೀಟಿ ಬರೀಬೇಕು. ಹೇಳಿ, ಇದು ಯಾರ ಹಲ್ಲು?”

ಅಳಿಯ ಮೇಡಂ ಮುಖ ನೋಡಿದ. ಗಾಜಿನ ಬೀರು ಕಂಡಿತು. ಅತ್ತೆಯ ಬೆರಳು ನೋಡಿದ. ಕೀಲಿ ಗಡಿಯಾರದ ಲೋಲಕದಂತೆ ಅತ್ತಿತ್ತ ಆಡುತ್ತಿತ್ತು.

“ಅತ್ತೇದೇ,” ಅಂದ.

“ಹಾಗಾದರೆ ನನಗಿಲ್ಲಿ ಕೆಲಸವಿಲ್ಲ. ಇಂಥ ಸಾಕ್ಷಿಯ ಹಲ್ಲು ನಮ್ಮ ಬೀರುವಿಗೆ ಬೇಡ,” ಎಂದು ಮೇಡಂ ಹೊರಟುಹೋದರು. ಕೀಲಿ ಅಳಿಯನ ಅಂಗೈಗೆ ಬಿತ್ತು. ಬೆಳಿಗ್ಗೆ ಏನಿತ್ತೋ ಅಷ್ಟೇ ಅವನ ಪಾಲಿಗೆ ಬಂತು, ಸೊಂಟನೋವು ಬೇರೆ.

ಸಂಜೆ ಅಂಗಳದ ನಿಂಬೆಗಿಡದ ಬುಡದಲ್ಲಿ ಹಲ್ಲನ್ನು ಮಣ್ಣು ಮಾಡಿದರು. ಕಂಪೌಂಡರು ಟೋಪಿ ತೆಗೆದು ನಿಂತರು. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಅತ್ತೆ ಕರವಸ್ತ್ರವನ್ನು ಇಳಿಸಿ, ಕೈಮುಗಿದು, ಮುಖವೆತ್ತಿ, “ದೇವರೇ” ಎಂದು ಬಾಯ್ತುಂಬ ಕರೆದರು.

ಅಳಿಯ ಒಂದು ಕಣ್ಣು ತೆರೆದ. ಕೆಳದವಡೆಯ ಎಡಮೂಲೆಯಲ್ಲಿ, ಬೀದಿದೀಪದ ಕಂಬದಂತೆ, ಒಂಟಿ ಹಲ್ಲು ನೆಟ್ಟಗೆ ನಿಂತಿತ್ತು. ಅವನು ಮೆಟ್ಟಿಲ ಕಡೆ ನೋಡಿದ. ಒಂದು ಹಿಡಿ ಮರಳೂ ಇಲ್ಲದೆ ದಾರಿ ಸ್ವಚ್ಛವಾಗಿತ್ತು.

ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವನ ಕಾಲು ತುಳಿದರು. “ಕಣ್ಣು ಮುಚ್ಚಪ್ಪ,” ಎಂದರು ಅವನಿಗಷ್ಟೇ ಕೇಳುವಂತೆ. “ಸಾಕ್ಷಿ ಹೇಳಿದೋನು ನೀನೇ.”

ಆಮೇಲೆ ಅವರ ದನಿ ನಿಜವಾಗಿಯೂ ಮೆತ್ತಗಾಯಿತು.

“ದೇವರೇ, ಯಾವ ಕಡಲಲ್ಲಿ ಈಜಿದ ಜೀವವೋ ಇದು. ಹೋದಾಗ ಇದಕ್ಕಾಗಿ ಅತ್ತವರು ಯಾರೂ ಇರಲಿಲ್ಲ. ತಡವಾಯಿತು ಅನ್ನಬೇಡ. ನಮ್ಮವರು ಇರುವ ಕಡೆ ಇದಕ್ಕೂ ಒಂದಿಷ್ಟು ಜಾಗ ಕೊಡು. ಇದರ ಆತ್ಮಕ್ಕೆ ಶಾಂತಿ ಸಿಗಲಿ.”