ಅಸಲಿ ಕೋಪ ಬೇಕಾಗಿದೆ

ದ್ವಾರಕಾನಾಥನಿಗೆ ಆ ದಿನ ತುರ್ತಾಗಿ ಬೇಕಾಗಿದ್ದದ್ದು ಒಂದು ಅಸಲಿ ಕೋಪ.

ಜಪಾನಿನ ತ್ಸುಕುಬಾದ ಪ್ರಯೋಗಾಲಯದಲ್ಲಿ ಅವನ ಕೆಲಸವೇ ಅದು. ಗದ್ದಲದ ನಡುವೆ ಯಾರಾದರೂ ಮಾತನಾಡಿದರೆ ಕೇಳುವವರಿಗೆ ಮಾತೆಷ್ಟು ತಿಳಿಯುತ್ತದೆ, ಅದರ ಹಿಂದಿನ ಸಿಟ್ಟೋ ಸಂತೋಷವೋ ಎಷ್ಟು ತಿಳಿಯುತ್ತದೆ ಎಂದು ಅಳೆಯಬೇಕು. ಸಂತೋಷ, ದುಃಖ ಧಾರಾಳವಾಗಿ ಸಿಕ್ಕಿದ್ದವು. ಕೋಪಕ್ಕೆ ಮಾತ್ರ ಬರಗಾಲ. ಬೈಯಲೆಂದು ಕೂರಿಸಿದ ಜಪಾನಿ ವಿದ್ಯಾರ್ಥಿಗಳು ಒಂದು ಸಾಲು ಗದರಿ, ಕೂಡಲೇ ಮೈಕಿಗೆ ತಲೆಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದರು. ನಟನೆಯಲ್ಲದ ಕೋಪವನ್ನು ಸಂಜೆಯೊಳಗೆ ಕೇಳಿಸದಿದ್ದರೆ ಅವನ ನೌಕರಿ ಮುಂದುವರಿಯುವುದಿಲ್ಲವೆಂದು ಪ್ರೊಫೆಸರ್ ನಿಶಿದಾ ಸಾನ್ ನಗುನಗುತ್ತಲೇ ಹೇಳಿದ್ದರು.

"ನಿಮ್ಮ ಹೆಂಡತಿ ಬೈಯಲ್ವಾ?" ಎಂದರು ಪಕ್ಕದ ಮೇಜಿನ ಮೊರಿಯಾಮಾ ಸಾನ್. ಯಾರ ವಿಷಯಕ್ಕೂ ತಲೆಹಾಕದ ಊರಿನಲ್ಲಿ ಈಕೆಯೊಬ್ಬರು ಇವನ ಪಾಲಿಗೆ ಸಿಕ್ಕಿದ್ದರು.

ಹೆಸರು ಸತ್ಯಭಾಮಾ ಆದರೂ ದ್ವಾರಕಾನಾಥನ ಹೆಂಡತಿಗೆ ಕೋಪವೇ ಬರುತ್ತಿರಲಿಲ್ಲ. ಯಾವಾಗ ಬೇಕಾದರೂ ತನ್ನ ದನಿ ರೆಕಾರ್ಡ್ ಮಾಡಿಕೊಳ್ಳಿ ಎಂದು ಒಪ್ಪಿದ್ದಳು. ಬೈ ಎಂದರೆ ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು.

"ಅವರು ಜೀವಕ್ಕಿಂತ ಹೆಚ್ಚಾಗಿ ಕಾಪಾಡೋದು ಏನಾದ್ರೂ ಇರಬೇಕಲ್ಲ?" ಮೊರಿಯಾಮಾ ಸಾನ್ ಬಿಡಲಿಲ್ಲ.

ಇತ್ತು. ಅವಳಮ್ಮ ಮೈಸೂರಿನಿಂದ ಕಳಿಸಿದ್ದ ಸಾರಿನ ಪುಡಿ. ಸುಳ್ಳು ಹೇಳಿ ಬರಿಸಿದ ಕೋಪ ಅಸಲಿಯಾದೀತೇ? ದ್ವಾರಕಾನಾಥ ಪ್ರಾಮಾಣಿಕ ವಿಜ್ಞಾನಿ. ಸತ್ಯಭಾಮಾ ತರಕಾರಿ ತರಲು ಹೋಗಿದ್ದ ಹೊತ್ತು ನೋಡಿ ಸೈಕಲ್ಲಿನಲ್ಲಿ ಮನೆಗೆ ಹೋದ, ಡಬ್ಬವನ್ನೇ ಎತ್ತಿಕೊಂಡು ಬಂದ, ಲ್ಯಾಬಿನಲ್ಲಿ ಎಲ್ಲರಿಗೂ ಹಂಚಿದ. ಮೊರಿಯಾಮಾ ಸಾನ್ ಅದನ್ನು ರಾಮೆನ್ ನೂಡಲ್ಸ್ ಮೇಲೆ ಉದುರಿಸಿಕೊಂಡು, ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಹೊಗಳಿದರು.

ಆಮೇಲೆ ರೆಕಾರ್ಡರ್ ಒತ್ತಿ ಮನೆಗೆ ಫೋನ್ ಮಾಡಿದ. ಅತ್ತ ಮಿಕ್ಸಿ ಅಬ್ಬರಿಸುತ್ತಿತ್ತು.

"ಭಾಮಾ, ನಿಮ್ಮಮ್ಮನ ಸಾರಿನ ಪುಡಿ ಇತ್ತಲ್ಲ, ಪೂರ್ತಿ ಲ್ಯಾಬಲ್ಲಿ ಹಂಚ್ಬಿಟ್ಟೆ."

"ಏನ್ರೀ? ತಲೆ ನೆಟ್ಟಗಿದ್ಯಾ ನಿಮ್ಗೆ? ಅಮ್ಮ ಮಂಡಿ ನೋವಿಟ್ಕೊಂಡು ಮೆಣಸಿನಕಾಯಿ ಒಣಗ್ಸಿ, ಹುರಿದು ಕಳ್ಸಿದ್ದು! ಮನೆಗ್ ಬನ್ನಿ, ಬರೀ ಬಿಸಿನೀರು ಬಡಿಸ್ತೀನಿ!"

ಕನ್ನಡದ ಗಂಧವಿಲ್ಲದ ಕೇಳುಗರು ಆ ಮಿಕ್ಸಿ ಸದ್ದಿನಲ್ಲೂ ಒಬ್ಬರೂ ಬಿಡದೆ ಕೋಪವೆಂದು ಗುರುತಿಸಿದರು. ಒಬ್ಬನಂತೂ ಸ್ಪೀಕರಿಗೇ ಕ್ಷಮೆ ಕೇಳಿದ. ನಿಶಿದಾ ಸಾನ್ ಎದ್ದು ನಿಂತು, "ಅಪ್ಪಟ ಕೋಪ! ನಿಮ್ಮ ಕೆಲಸ ಗಟ್ಟಿ," ಎಂದರು.

ದ್ವಾರಕಾನಾಥ ಹಿಗ್ಗಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಕೇಕು ಕೊಂಡು ಮನೆಗೆ ಬಂದ. ಸತ್ಯಭಾಮಾ ನಗುತ್ತಾ ಬಾಗಿಲು ತೆರೆದಳು.

"ಹೆಂಗಿತ್ತು ನನ್ನ ಆಕ್ಟಿಂಗ್?"

"ಆಕ್ಟಿಂಗಾ?"

"ಮತ್ತೆ? ಪುಡಿ ಹಂಚ್ದೆ ಅನ್ನೋವಾಗ ನಿಮ್ಮ ದನೀಲಿ ಚೂರೂ ಭಯ ಇರ್ಲಿಲ್ಲ, ಬರೀ ಖುಷಿ. ಮಿಕ್ಸಿ ಸದ್ದಲ್ಲೂ ಗೊತ್ತಾಯ್ತು, ರೆಕಾರ್ಡಿಂಗ್‌ಗೆ ಸುಳ್ಳು ಹೇಳ್ತಿದೀರ ಅಂತ. ಪಾಪ, ಕೆಲ್ಸ ಉಳೀಲಿ ಅಂತ ಬೈದೆ."

ದನಿ ಕೇಳಿ ಭಾವ ಗುರುತಿಸುವ ತಜ್ಞ ನಿಂತಲ್ಲೇ ಬೆವರಿದ. ನಟನೆಯೆಂದು ತಿಳಿದರೆ ನಿಶಿದಾ ಸಾನ್ ಬಿಟ್ಟಾರೆಯೇ?

"ಕೂತ್ಕೊಳ್ಳಿ, ಬಿಸಿಬಿಸಿ ಸಾರು ಮಾಡ್ತೀನಿ," ಎಂದು ಅವಳು ಕಪಾಟಿಗೆ ಕೈ ಹಾಕಿದಳು.

ಇನ್ನೇನು ಅಸಲಿ ಕೋಪ ಬಂದೇ ಬರುತ್ತದೆಂದು ದ್ವಾರಕಾನಾಥ ಸರಕ್ಕನೆ ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟ. ಕೋಪ ಬಂತು ಕೂಡ. ಆದರೆ ಸತ್ಯಭಾಮಾ ಅವನನ್ನೊಮ್ಮೆ ನೋಡಿದಳೇ ಹೊರತು ತುಟಿ ಬಿಚ್ಚಲಿಲ್ಲ. ಮಲಗುವವರೆಗೂ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅವನು ನಿಶಿದಾ ಸಾನ್ ಮುಂದೆ ತಪ್ಪೊಪ್ಪಿಕೊಂಡು, ಹೊಸ ರೆಕಾರ್ಡಿಂಗ್ ಹಾಕಿ ಕೇಳಿಸಿದ. ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಕೇಳುಗರು ಒಬ್ಬರೂ ಬಿಡದೆ ನೆಮ್ಮದಿ ಎಂದು ಗುರುತಿಸಿದರು.