ಅಕ್ಕನ ಮನೆಯ ಮೇಲಿನ ಕೋಟೆ

ನಾನು ತಿರುಗಾಟದ ಹುಚ್ಚಿರುವ ಮನುಷ್ಯ. ತೊಂದರೆಯೆಂದರೆ, ಮನೆಯಿಂದ ಹೊರಡುವ ಮೊದಲೇ ನನ್ನ ತಿರುಗಾಟ ಮುಗಿದುಹೋಗಿರುತ್ತದೆ. ಎಮ್ಮಿಗನೂರಿನ ಬಜಾರಿನಲ್ಲಿ ನನ್ನದೊಂದು ಕೈಮಗ್ಗದ ಸೀರೆ ಅಂಗಡಿ ಇದೆ. ಮಧ್ಯಾಹ್ನದ ಹೊತ್ತು ಗಿರಾಕಿಗಳು ಬರುವುದಿಲ್ಲ. ಬಿಳಿ ಗಾದಿಯ ಮೇಲೆ ಲೋಡಿಗೆ ಒರಗಿ, ಫ್ಯಾನಿನ ಕಟಕಟ ಸದ್ದು ಕೇಳುತ್ತ ಕಣ್ಣು ಅರೆಮುಚ್ಚಿದೆನೆಂದರೆ ನಾನು ಹೋಗದ ಊರಿಲ್ಲ, ಏರದ ಗುಡ್ಡವಿಲ್ಲ. ತುಂಗಭದ್ರೆಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತೇನೆ, ಮೀನು ಬಂದು ಬೆರಳಿಗೆ ಕಚಗುಳಿ ಇಡುತ್ತಿರುತ್ತದೆ. ಅಷ್ಟೆಲ್ಲ ಸುತ್ತಿ ಬಂದವನಿಗೆ ಸಂಜೆ ಮನೆಗೆ ಹೋಗಿ, ನಾಳೆ ಎಲ್ಲಿಗಾದರೂ ಹೋಗೋಣವೇ ಎಂದು ಕೇಳಲು ಮನಸ್ಸಾದರೂ ಹೇಗೆ ಬಂದೀತು? ದಣಿವಾಗಿರುತ್ತದೆ. ನನ್ನ ಹೆಂಡತಿ ಗೌರಮ್ಮನಿಗೆ ಈ ಬಗೆಯ ಪ್ರವಾಸದಲ್ಲಿ ನಂಬಿಕೆಯಿಲ್ಲ. ಆಕೆಗೆ ಬಸ್ಸು ಬೇಕು, ಬುತ್ತಿ ಬೇಕು, ಕಾಲಿಗೆ ಧೂಳು ಹತ್ತಬೇಕು.

ಆಕೆಯ ಆಸೆಯೂ ದೊಡ್ಡದಲ್ಲ. ಆದವಾನಿಯ ಕೋಟೆಯನ್ನು ಒಮ್ಮೆ ಹತ್ತಬೇಕು, ಅಷ್ಟೆ. ಬಸ್ಸಿನಲ್ಲಿ ಗಂಟೆ ಹೊತ್ತಿನ ದಾರಿ. ಮದುವೆಯಾದಾಗಿನಿಂದ ಹೋಗುತ್ತಲೇ ಇದ್ದೇವೆ, ಹತ್ತಿದ್ದು ಮಾತ್ರ ಇಲ್ಲ. ಕಾರಣ ನನ್ನ ಅಕ್ಕ. ಆಕೆಯನ್ನು ಕೊಟ್ಟಿರುವುದು ಆದವಾನಿಗೆ, ಮನೆ ಇರುವುದು ಸರಿಯಾಗಿ ಕೋಟೆಯ ಗುಡ್ಡದ ಬುಡದಲ್ಲಿ. ಹತ್ತಿ ವ್ಯಾಪಾರದ ದೊಡ್ಡ ಮನೆ, ಬಂದವರು ಉಣ್ಣದೆ ಹೋದರೆ ಮನೆತನಕ್ಕೆ ಕುಂದು ಎಂದು ತಿಳಿದವರು. ಅಲ್ಲಿ ಒಂದು ಪದ್ಧತಿ ಇದೆ. ನೆಂಟರು ಕಾಲು ತೊಳೆದು ಒಳಗೆ ಹೋದ ಕೂಡಲೆ ಅಕ್ಕ ಅವರ ಚಪ್ಪಲಿಗಳನ್ನು ಬಚ್ಚಿಡುತ್ತಾಳೆ. ನಮ್ಮ ಕಡೆ ಪ್ರೀತಿಯಿದ್ದವರು ಹೀಗೆ ಮಾಡುವುದುಂಟು, ಆದರೆ ಅಕ್ಕನಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಕಂಡಿಲ್ಲ. ಒಮ್ಮೆ ನನ್ನ ಜೋಡು ಜೋಳ ತುಂಬಿಡುವ ವಾಡೆಯ ಹಿಂದೆ ಸಿಕ್ಕಿತ್ತು, ಇನ್ನೊಮ್ಮೆ ಅಟ್ಟದ ಮೇಲಿನ ಹಳೆಯ ತೊಟ್ಟಿಲಲ್ಲಿ. ಉಂಡು, ಮಲಗಿ, ಚಹಾ ಕುಡಿದು, ಚಪ್ಪಲಿ ಬೇಡಿ ಪಡೆಯುವ ಹೊತ್ತಿಗೆ ಕಡೆಯ ಬಸ್ಸಿನ ಸಮಯವಾಗಿರುತ್ತದೆ. ಕೋಟೆಯನ್ನು ಅಕ್ಕನ ಮಾಳಿಗೆಯಿಂದ ನೋಡಿ, ಬಂದ ದಾರಿಗೆ ಸುಂಕವಿಲ್ಲದವರಂತೆ ತಿರುಗಿ ಬರುತ್ತೇವೆ.

ಈ ಸಲ ಹಾಗಾಗುವಂತಿರಲಿಲ್ಲ. ಬಳ್ಳಾರಿಯ ಡಾಕ್ಟರು ಗೌರಮ್ಮನ ಮೊಣಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಯುಗಾದಿ ಕಳೆದ ಮೇಲೆ ಆಪರೇಷನ್ ಮಾಡಿಸಿಬಿಡಿ, ಆಮೇಲೆ ಗುಡ್ಡ ಗಿಡ್ಡ ಹತ್ತುವ ಮಾತು ಬೇಡ ಎಂದಿದ್ದರು. ಹಾಗಾದರೆ ಅದಕ್ಕೆ ಮೊದಲು ಒಮ್ಮೆ ಹತ್ತಬಹುದೇ ಎಂದು ಈಕೆ ಕೇಳಿದಳು. ಅವರು ನಕ್ಕು, ಕೋಲು ಹಿಡಿದುಕೊಂಡು, ಕೂತು ಕೂತು ಹತ್ತಿ ಎಂದರು. ಅವರು ತಮಾಷೆಗೆ ಹೇಳಿದ್ದನ್ನು ಈಕೆ ಔಷಧದ ಚೀಟಿಯಂತೆ ತೆಗೆದುಕೊಂಡಳು. ಬರುವ ಸೋಮವಾರವೇ ಹೋಗುವುದು, ಅಕ್ಕನಿಗೆ ಸುಳಿವು ಕೊಡಕೂಡದು, ಇಳಿದು ಬಂದ ಮೇಲೆ ಬೇಕಾದರೆ ಊಟ ಎಂದು ನಿಶ್ಚಯವಾಯಿತು. ನಾನು ತಲೆಯಾಡಿಸಿದೆ.

ಮಾಗಿಯ ಬೆಳಗು. ಬಸ್ಸಿನ ಕಿಟಕಿಯಾಚೆ ಎರೆಹೊಲಗಳ ಮೇಲೆ ಮಂಜು ಇನ್ನೂ ಮಲಗಿತ್ತು. ಹತ್ತಿಯ ಲಾರಿಗಳು ಓಡಾಡುವ ರಸ್ತೆಯಾದ್ದರಿಂದ ಎರಡೂ ಬದಿಯ ಜಾಲಿಮುಳ್ಳಿಗೆ ಅರಳೆ ಸಿಕ್ಕಿಕೊಂಡು, ಮುಳ್ಳುಗಿಡಗಳೆಲ್ಲ ಹೂಬಿಟ್ಟಂತೆ ಕಾಣುತ್ತಿದ್ದವು. ಎಲ್ಲೋ ಒಂದು ಕುರಿಹಿಂಡು, ಅದರ ಹಿಂದೆ ಕಂಬಳಿ ಹೊದ್ದ ಒಬ್ಬ, ಅವನ ಹಿಂದೆ ಎಳೆಬಿಸಿಲು. ನಾನು ಆಗಲೇ ಕೋಟೆಯ ಅರ್ಧ ದಾರಿಯಲ್ಲಿದ್ದೆ. ಗೌರಮ್ಮ ಮೊಣಕಾಲು ನೀವಿಕೊಳ್ಳುತ್ತ, ನಿದ್ದಿ ಮಾಡಬ್ಯಾಡ್ರಿ ಎಂದು ಎರಡು ಸಲ ತಿವಿದಳು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಆಕೆ ತಲೆತುಂಬ ಸೆರಗು ಹೊದ್ದುಕೊಂಡಳು, ನಾನು ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡೆ. ಇಷ್ಟು ಜಾಗ್ರತೆ ವಹಿಸಿದವನು ಆಟೋದವನಿಗೆ ದಾರಿ ಹೇಳುವುದನ್ನು ಮಾತ್ರ ಮರೆತೆ. ಕೋಟೆಗೆ ಎಂದೆ. ಗುಡ್ಡದ ಬುಡ ಸುತ್ತಿ ಆಚೆಯ ಓಣಿಯಿಂದ ಹೋಗು ಎನ್ನಬೇಕಾಗಿತ್ತು. ಅವನು ತೆಲುಗಿನಲ್ಲಿ ತನಗೆಲ್ಲ ಗೊತ್ತು ಎಂದ. ನಾನು ಆ ತಣ್ಣನೆಯ ಗಾಳಿಗೆ ಮುಖವೊಡ್ಡಿ, ಬಂಡೆಗಳ ಮೇಲೆ ಬಂಡೆ ಕೂತಿರುವ ಗುಡ್ಡವನ್ನೂ ಅದರ ನೆತ್ತಿಯ ಮುರುಕು ಬುರುಜನ್ನೂ ನೋಡುತ್ತ ಮೈಮರೆತೆ. ಆಟೋ ನಿಂತಾಗ ಎದುರಿಗೆ ಅಕ್ಕನ ಮನೆಯ ಬಾಗಿಲಿತ್ತು. ನೆಂಟರನ್ನು ಅವನು ಎಷ್ಟು ಸಲ ಅಲ್ಲಿಗೆ ತಂದಿಳಿಸಿದ್ದನೋ, ಟವೆಲಿನೊಳಗಿನ ನನ್ನ ಮುಖ ಅವನಿಗೆ ಚೆನ್ನಾಗಿಯೇ ಗುರುತಿತ್ತು. ಅಕ್ಕ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ಗೌರಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನದು ಎಂದಿನಂತೆಯೇ ನಡೆಯಿತು. ಕಾಲಿಗೆ ನೀರು, ಚಪ್ಪಲಿ ಮಾಯ, ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ. ಭಾವ ಮಾರ್ಕೆಟ್ಟಿಗೆ ಹೋಗಿದ್ದರಿಂದ ಅವರ ಪಾಲಿನದೂ ನನ್ನ ತಟ್ಟೆಗೇ ಬಂತು. ಸ್ವಲ್ಪ ಹೊತ್ತಿಗೆ ಊಟದ ಸಿದ್ಧತೆ ಶುರುವಾಯಿತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ತುಪ್ಪದಲ್ಲಿ ಮುಳುಗಿದ ಹೋಳಿಗೆ. ಗೌರಮ್ಮ ಒಂದೇ ರೊಟ್ಟಿ ಮುರಿದು ಕೂತಿದ್ದಳು. ಆಕೆಗೆ ಕೋಪ ಬಂದಿದ್ದರೆ ನನಗೆ ಅಭ್ಯಾಸವಿದೆ. ಆದರೆ ಆಕೆ ಕಿಟಕಿಯಿಂದ ಗುಡ್ಡವನ್ನೇ ನೋಡುತ್ತಿದ್ದಳು, ಅದನ್ನು ನೋಡಿ ನನಗೆ ಸಂಕಟವಾಯಿತು. ಆ ಸಂಕಟದಲ್ಲಿಯೇ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಸ್ವಲ್ಪ ಬೆನ್ನು ಚಾಚಿ ಎದ್ದು ಹತ್ತೋಣ ಎಂದು ಆಕೆಗೆ ಮಾತು ಕೊಟ್ಟು ಪಡಸಾಲೆಯಲ್ಲಿ ಮಲಗಿದೆ.

ಆಮೇಲೆ ನಾನು ಕೋಟೆ ಹತ್ತಿದೆ, ಕನಸಿನಲ್ಲಿ. ಮೆಟ್ಟಿಲುಗಳು ಗಾದಿಯಷ್ಟು ಮೆತ್ತಗಿದ್ದವು. ದೊಡ್ಡ ಬಾಗಿಲಿನ ಕಾವಲುಗಾರ ಎಲ್ಲಿಗೆ ಎಂದು ತಡೆದ. ಊಟವಾಗಿದೆ ಎಂದೆ, ದಾರಿ ಬಿಟ್ಟ. ಮೇಲೆ ಒಂದು ಕೊಳವಿತ್ತು, ತಿಳಿನೀರಿನ ಮೇಲೆ ನನ್ನ ಅಂಗಡಿಯ ಸೀರೆಗಳೆಲ್ಲ ಬಿಚ್ಚಿಕೊಂಡು ತೇಲುತ್ತಿದ್ದವು. ಬುರುಜಿನ ಮೇಲೆ ಕೂತು ನೋಡಿದರೆ ಪೆದ್ದಕಡುಬೂರಿನ ಆಚೆಯವರೆಗೂ ಹೊಲಗಳು, ಅರಳೆಯಂಥ ಮೋಡಗಳು ಕೈಗೆ ಸಿಗುವಷ್ಟು ಕೆಳಗೆ. ಗೌರಮ್ಮನಿಗೆ ತೋರಿಸೋಣವೆಂದು ಪಕ್ಕಕ್ಕೆ ತಿರುಗಿದೆ. ಆಕೆ ಇರಲಿಲ್ಲ. ಎಚ್ಚರವಾಯಿತು.

ಎಚ್ಚರದಲ್ಲೂ ಆಕೆ ಇರಲಿಲ್ಲ. ಅಕ್ಕನೂ ಇರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ತೊಳೆಯದೆ ಬಿದ್ದಿದ್ದವು. ಆ ಮನೆಯಲ್ಲಿ ನಾನೆಂದೂ ಕಾಣದ ನೋಟ ಅದು. ಬಿಸಿಲು ಆಗಲೇ ವಾಲಿತ್ತು. ಹೊರಗೆ ಓಡಲು ಚಪ್ಪಲಿ ಬೇಕಲ್ಲ. ವಾಡೆ, ತೊಟ್ಟಿಲು, ಮಂಚದ ಕೆಳಗೆ ಎಲ್ಲ ತಡಕಾಡಿದೆ, ಸಿಗಲಿಲ್ಲ. ಬರಿಗಾಲಿನಲ್ಲೇ ಗುಡ್ಡದ ಮೊದಲ ಬಂಡೆಯವರೆಗೆ ಹೋದೆ. ದಿನವೆಲ್ಲ ಕಾದ ಕಲ್ಲು, ಅದರ ಮೇಲೆ ನೆಗ್ಗಿಲಮುಳ್ಳು. ಒಂಟಿಕಾಲಿನಲ್ಲಿ ಕುಣಿಯುತ್ತ ಹಿಂತಿರುಗಿ ಬಂದು ಕಟ್ಟೆಯ ಮೇಲೆ ಕೂತೆ.

ಅಲ್ಲಿಂದ ಕಂಡಿತು. ಬಹಳ ಮೇಲೆ, ಬುರುಜಿನ ಪಕ್ಕದಲ್ಲಿ, ಒಂದು ಹಸಿರು ಸೀರೆ, ಒಂದು ಕೆಂಪು ಸೀರೆ. ಹಸಿರಿನದು ನಮ್ಮ ಅಂಗಡಿಯದೇ. ಎರಡೂ ಕೂತಿದ್ದವು, ಗಾಳಿಗೆ ಸೆರಗು ಹಾರುತ್ತಿತ್ತು. ಮೊದಲು ಗೌರಮ್ಮನ ಮೊಣಕಾಲು ನೆನೆದು ಹೆದರಿದೆ. ಆಮೇಲೆ, ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಎದ್ದು ನಿಂತು ಟವೆಲು ಬೀಸಿದೆ. ಅವರು ನೋಡುತ್ತಿದ್ದ ದಿಕ್ಕೇ ಬೇರೆ. ಮಸೀದಿಯ ಅಜಾನ್ ಕೇಳಿಸಿತು, ಗುಡ್ಡದ ಬಣ್ಣ ಬೆಲ್ಲದಂತಾಯಿತು, ಎರಡು ಸೀರೆಗಳು ನಿಧಾನವಾಗಿ ಇಳಿಯತೊಡಗಿದವು.

ಬಂದಾಗ ಇಬ್ಬರ ಮುಖವೂ ಧೂಳು. ಗೌರಮ್ಮ ಅಕ್ಕನ ಹೆಗಲು ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಭಾವನ ಕೋಲು. ಕಟ್ಟೆಯ ಮೇಲೆ ಕೂತು ಕಾಲು ಚಾಚಿ, ನನ್ನ ಕಡೆ ನೋಡದೆ ಹೇಳಿದಳು: "ಕಾಲು ಭಾಳ ನೋಯಾಕತ್ತೈತಿ. ನೋಯಲಿ ಬಿಡ್ರಿ. ನಾ ನೋಡೀನಿ."

ನನಗೆ ಬಹಳ ಸಂತೋಷವಾಯಿತು. ಅದನ್ನು ಹೇಗೆ ತೋರಿಸಬೇಕೋ ತಿಳಿಯದೆ, ಅಕ್ಕನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ನಮ್ಮನ್ನು ಬಿಡದೆ ಕಟ್ಟಿಹಾಕಿದವಳು ಇವತ್ತು ನೀನೇ ಹೇಗೆ ಹತ್ತಿದೆ ಎಂದೆ. ಗೌರಮ್ಮ ತಾನು ಮಾಡಿದ್ದನ್ನು ಹೇಳಿದಳು. ನಾನು ಗೊರಕೆ ಹೊಡೆಯತೊಡಗಿದ ಮೇಲೆ ಅಡುಗೆಮನೆಗೆ ಹೋಗಿ, ನೀವೂ ಬರ್ರಿ ಅಕ್ಕಾರ, ಹೋಗಿ ಬರೋಣ ಎಂದಳಂತೆ. ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಇಟ್ಟು, ಹಿಟ್ಟಿನ ಡಬ್ಬಿಯ ಹಿಂದಿನಿಂದ ಗೌರಮ್ಮನ ಚಪ್ಪಲಿ ತೆಗೆದುಕೊಟ್ಟು, ತನ್ನದನ್ನೂ ಮೆಟ್ಟಿಕೊಂಡು ಹೊರಟೇಬಿಟ್ಟಳಂತೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೂ ಇದೇ ಮೊದಲ ಸಲ ನೋಡಿದ್ದು ತಮ್ಮಾ. ಬಂದೋರೆಲ್ಲ ಉಣ್ತಾರ, ಗುಡ್ಡ ಹತ್ತೂ ಮಾತಾಡಿ ಹೋಕ್ಕಾರ. ನೀನೂ ಬಾ ಅಂತ ಯಾರಂದಾರ?"

ಚಪ್ಪಲಿ ಬಚ್ಚಿಡುವುದೆಂದರೆ ಉಣ್ಣಿಸುವ ಹಟವೊಂದೇ ಎಂದು ನಾನು ತಿಳಿದಿದ್ದೆ. ನಾವು ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಆಕೆ ಒಬ್ಬಳೇ ಪಾತ್ರೆ ತೊಳೆಯುತ್ತಾಳೆಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಅಷ್ಟರಲ್ಲಿ ಗೌರಮ್ಮ ಮೇಲಿನ ಕೊಳದ ವಿಷಯ ತೆಗೆದಳು, ನೀರು ಹಸಿರಾಗಿ ಪಾಚಿಗಟ್ಟಿದೆ ಎಂದಳು. ಇಲ್ಲ, ತಿಳಿಯಾಗಿದೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಇಬ್ಬರೂ ನನ್ನನ್ನು ಬಹಳ ಹೊತ್ತು ನೋಡಿದರು.

ಬಸ್ಸಿನ ಹೊತ್ತಾಯಿತು. ಅಕ್ಕ ನನ್ನ ಚಪ್ಪಲಿ ತಂದುಕೊಟ್ಟು, ಬಾಗಿಲವರೆಗೆ ಬಂದು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಂತೆ ನನ್ನ ಕೈ ಹಿಡಿದು, ಮುಂದಿನ ಸಲ ನೀನೂ ಬಾ, ಗುಡ್ಡವೇನು ಕಂಡಷ್ಟು ಎತ್ತರವಿಲ್ಲ, ಹೆದರಿಕೆಯಾದರೆ ನಾನು ಕೈ ಹಿಡಿದುಕೊಂಡು ಹತ್ತಿಸುತ್ತೇನೆ ಎಂದಳು. ನನ್ನ ಕಣ್ಣು ಮಂಜಾಯಿತು. ಖಂಡಿತ ಬರುತ್ತೇನೆ ಅಕ್ಕ ಎಂದು ಮನಸಾರೆ ಹೇಳಿದೆ. ಅಷ್ಟಕ್ಕೆ ಸುಮ್ಮನಿರಬೇಕಾಗಿತ್ತು.

"ಊಟ ಆದಮ್ಯಾಲ ಹೋಗೂಣು" ಎಂದೂ ಸೇರಿಸಿದೆ.