ಚಂದ್ರದರ್ಶನಕ್ಕೊಂದು ಪಾಟೀಸವಾಲು

ನಾನು ಅಮೆರಿಕವನ್ನು ನೋಡಿಲ್ಲ. ಅಲ್ಲಿನ ಕೋರ್ಟಿನ ಮೆಟ್ಟಿಲನ್ನಂತೂ ಕನಸಿನಲ್ಲೂ ಹತ್ತಿಲ್ಲ. ಆದರೂ ಅಲ್ಲಿ ಯಾವ ಸಾಕ್ಷಿ ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ, ಆರೋಪಿ ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ಕೈಯಲ್ಲಿರುವ ಚಹಾ ತಣ್ಣಗಾಗುವವರೆಗೂ ಹೇಳಬಲ್ಲೆ. ಕೇಳದಿದ್ದರೂ ಹೇಳುತ್ತೇನೆ ಎಂಬುದು ನನ್ನ ಹೆಂಡತಿಯ ದೂರು. ಅದರಲ್ಲಿ ಸುಳ್ಳೇನಿಲ್ಲ. ಯಾರದೋ ಮದುವೆಯ ಊಟದಲ್ಲಿ ಪಕ್ಕಕ್ಕೆ ಕೂತ ಅಪರಿಚಿತರಿಗೂ ನಾನು ಬಿರಿಯಾನಿ ಮುಗಿಯುವುದರೊಳಗೆ ಆರೋಪಿಯ ಹಕ್ಕುಗಳನ್ನೆಲ್ಲ ಬಡಿಸಿ ಕೈತೊಳೆದದ್ದುಂಟು.

ಈ ಪಾಂಡಿತ್ಯ ಬಂದದ್ದು ಹೊಟ್ಟೆಪಾಡಿನಿಂದ. ಹರಿಹರದಲ್ಲಿ ಬಿ.ಕಾಂ. ಮುಗಿಸಿ, ಓದುವ ನೆಪದಲ್ಲಿ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ಗೆ ಬಂದು, ಆಮೇಲೆ ಆಕ್ಲೆಂಡಿಗೆ ಸರಿದು ನಾನು ಸೇರಿಕೊಂಡದ್ದು ಪೆನ್‌ರೋಸ್‌ನ ಗೋದಾಮುಗಳ ನಡುವಿನ ಒಂದು ಸಣ್ಣ ಆಫೀಸನ್ನು. ಕೆಳಗೆ ಟೈರುಗಳ ಗೋದಾಮು, ಮೇಲೆ ನಾವು. ಅಮೆರಿಕದ ವಕೀಲರು ತಮ್ಮ ಕಡೆ ರಾತ್ರಿಯಾದಾಗ ಸಾಕ್ಷಿಗಳ ಹೇಳಿಕೆಗಳನ್ನು ರಾಶಿರಾಶಿಯಾಗಿ ನಮಗೆ ಕಳಿಸಿ ಮಲಗುತ್ತಾರೆ. ಇದು ಸಾಕ್ಷಿ ಕಣ್ಣಾರೆ ಕಂಡದ್ದು, ಇದು ಯಾರೋ ಹೇಳಿ ಕೇಳಿದ್ದು, ಇದು ವಕೀಲರೇ ಬಾಯಿಗೆ ತುರುಕಿದ್ದು ಎಂದು ನಾವು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಅವರು ಏಳುವ ಹೊತ್ತಿಗೆ ವಾಪಸ್ಸು ಕಳಿಸಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಮನುಷ್ಯರ ಮಾತು ಮಾತಿನ ಹಾಗೆ ಕೇಳಿಸುವುದು ನಿಂತುಹೋಗುತ್ತದೆ. ಎಲ್ಲವೂ ಹೇಳಿಕೆಯಾಗಿಬಿಡುತ್ತದೆ.

ಆಫೀಸಿನ ರೋಗ ಆಫೀಸಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ನನ್ನ ಜೊತೆ ರೈಲು ಹತ್ತಿ ಹೆಂಡರ್ಸನ್‌ನ ನಮ್ಮ ಮನೆಗೂ ಬಂತು. ನನ್ನ ಹೆಂಡತಿ ನಸೀಮಾ ಗದಗಿನವಳು, ಆಸ್ಪತ್ರೆಯಲ್ಲಿ ನರ್ಸ್. ಅವಳು ಕೆಲಸ ಮುಗಿಸಿ ಬಂದು, ಪಕ್ಕದ ಬೀದಿಯ ಆಂಟಿಯ ಮಗನಿಗೆ ಹೆಣ್ಣು ಗೊತ್ತಾಯಿತಂತೆ ಎಂದರೆ, ಈ ‘ಅಂತೆ’ ನಡೆಯುವುದಿಲ್ಲ, ನೀನು ಖುದ್ದು ಕಂಡದ್ದೇನು ಹೇಳು ಎನ್ನುತ್ತಿದ್ದೆ. ಒಮ್ಮೆ ಬಟ್ಟೆ ಒಗೆಯಲು ಹಾಕುವಾಗ ನನ್ನ ಪ್ಯಾಂಟಿನ ಜೇಬಿನಲ್ಲಿ ನಾನು ತಿಂದ ಪೈ ಎಂಬ ಮಾಂಸದ ಬೇಕರಿ ತಿಂಡಿಯ ಚೂರು ಸಿಕ್ಕಿತು. ಕೊಲೆಸ್ಟರಾಲ್ ಇರುವವನು ನಾನು, ಪೈ ಬಿಟ್ಟು ತಿಂಗಳಾಯಿತು ಎಂದು ಅವಳ ಮುಂದೆ ಹೇಳಿಕೊಂಡಿದ್ದವನೂ ನಾನೇ. ಆಗಲೂ ಧೈರ್ಯ ಬಿಡದೆ, ವಾರಂಟ್ ಇಲ್ಲದೆ ಶೋಧಿಸಿ ತೆಗೆದ ಪುರಾವೆಯನ್ನು ಅಮೆರಿಕದಲ್ಲಾದರೆ ಕೋರ್ಟಿನ ಒಳಗೇ ಬಿಡುವುದಿಲ್ಲ ಎಂದೆ. ವಾರಂಟ್ ಬೇಕಾದರೆ ಇನ್ನು ಮೇಲೆ ನಿಮ್ಮ ಪ್ಯಾಂಟು ನೀವೇ ಒಗೆದುಕೊಳ್ಳಿ ಎಂದಳು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಈಗಲೂ ನಾನೇ ಒಗೆಯುತ್ತೇನೆ.

ನಮ್ಮ ಮನೆಯಲ್ಲಿ ನಿಜವಾದ ವ್ಯಾಜ್ಯ ಇರುವುದು ಚಂದ್ರನ ಜೊತೆ. ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಆಸ್ಪತ್ರೆಯ ಡ್ಯೂಟಿ ಪಟ್ಟಿಯಾದರೋ ವಾರಗಟ್ಟಲೆ ಮೊದಲೇ ತಯಾರಾಗುತ್ತದೆ. ಹೀಗಾಗಿ ನಸೀಮಾ ಪ್ರತಿವರ್ಷ ಒಂದು ದಿನವನ್ನು ಊಹಿಸಿ ರಜೆ ಕೇಳುತ್ತಾಳೆ, ಹಬ್ಬ ಪ್ರತಿವರ್ಷ ಪಕ್ಕದ ದಿನಕ್ಕೆ ಜಿಗಿಯುತ್ತದೆ. ನಾನು, ನಮ್ಮ ಮಗಳು ಸನಾ ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದರೆ ಅವಳು ಯಾರಿಗೋ ಇಂಜೆಕ್ಷನ್ ಕೊಡುತ್ತಿರುತ್ತಾಳೆ. ಅವಳು ಇದನ್ನು ಒಂದು ದಿನವೂ ಆಡಿ ತೋರಿಸಿಲ್ಲ. ಆಡಿ ತೋರಿಸಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಈ ವರ್ಷ ಶುಕ್ರವಾರಕ್ಕೆ ರಜೆ ಸಿಕ್ಕಿತ್ತು. ಶನಿವಾರ ಬೆಳಗಿನ ಡ್ಯೂಟಿ, ಬದಲಿಗೆ ಯಾರೂ ಇಲ್ಲ. ಅಂದರೆ ಗುರುವಾರ ಸಂಜೆ ಚಂದ್ರ ಕಾಣಲೇಬೇಕು.

ಗುರುವಾರ ನಾವು ಐದಾರು ಸಂಸಾರದವರು ಪಶ್ಚಿಮದ ಕಡಲದಂಡೆಗೆ ಹೋದೆವು. ಎದುರಿಗೆ ಸಮುದ್ರ ಬಿಟ್ಟರೆ ಅಡ್ಡಕ್ಕೆ ಏನೂ ಇಲ್ಲ, ಚಂದ್ರ ನೋಡುವುದಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಮೋಡ. ಖರ್ಜೂರ ತಿಂದು ಉಪವಾಸ ಬಿಟ್ಟು, ನಮಾಜು ಮುಗಿಸಿ, ಮಂದಿಯೆಲ್ಲ ಸಮೋಸದ ಡಬ್ಬಿಗಳ ಕಡೆ ತಿರುಗಿದಾಗ ನಾನೊಬ್ಬನೇ ಮರಳ ದಿಬ್ಬದ ಮೇಲೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ಮೋಡ ಒಂದು ಕ್ಷಣ ಬಿರಿಯಿತು. ಸೂರ್ಯ ಮುಳುಗಿದ ಜಾಗದ ನೆತ್ತಿಯ ಮೇಲೆ ಬೆಳ್ಳಗೆ ಒಂದು ಗೆರೆ ಕಂಡಿತು. ಕಂಡಿತು, ಕಂಡಿತು ಎಂದು ಕೂಗಿದೆ. ಎಲ್ಲರೂ ಓಡಿ ಬರುವಷ್ಟರಲ್ಲಿ ಮೋಡ ಮುಚ್ಚಿಕೊಂಡಿತು.

ನಮ್ಮ ಗುಂಪಿನಲ್ಲಿ ಇಂಥ ಸಾಕ್ಷಿಗಳನ್ನು ವಿಚಾರಿಸಿ ಮಸೀದಿಯ ಹಿರಿಯರಿಗೆ ಫೋನಿನಲ್ಲಿ ತಿಳಿಸುವವರು ಖಾದರ್ ಅಂಕಲ್. ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಹೆಡ್ಮಾಸ್ತರರಾಗಿದ್ದು ನಿವೃತ್ತರಾದವರು, ಮಗನ ಜೊತೆ ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಅವರಿಗೆ ಆಗಲೇ ಒಂದು ಸುದ್ದಿ ಬಂದಿತ್ತು. ಬೇರೊಂದು ದಂಡೆಯಲ್ಲಿ ಒಬ್ಬರಿಗೆ ಚಂದ್ರ ಕಂಡಿದೆ, ಇನ್ನೊಬ್ಬ ನಂಬಿಕಸ್ತ ಸಾಕ್ಷಿ ಸಿಕ್ಕರೆ ನಾಳೆಯೇ ಹಬ್ಬ ಎಂದು ಸಾರಿಬಿಡುತ್ತಾರೆ. ಆ ಇನ್ನೊಬ್ಬ ಸಾಕ್ಷಿ ನಾನು. ಜನ್ಮದಲ್ಲಿ ಮೊದಲ ಸಲ ನಾನು ಬೇರೆಯವರ ಹೇಳಿಕೆ ಓದುವುದು ಬಿಟ್ಟು ನನ್ನದೇ ಹೇಳಿಕೆ ಕೊಡಲು ನಿಂತಿದ್ದೆ, ಎದೆ ಉಬ್ಬಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಅಂಕಲ್ ಮಡಚುವ ಕುರ್ಚಿಯಲ್ಲಿ ಕೂತು ವಿಚಾರಣೆ ಶುರು ಮಾಡಿದರು. ಎಲ್ಲಿ ನಿಂತಿದ್ದೆ, ಕನ್ನಡಕ ಹಾಕಿದ್ದೆಯೋ ಇಲ್ಲವೋ, ನೀರಿನಿಂದ ಎಷ್ಟು ಮೇಲಿತ್ತು, ಪಕ್ಕದಲ್ಲಿ ಯಾರಿದ್ದರು. ಒಂದು ಪ್ರಶ್ನೆಯಲ್ಲೂ ಉತ್ತರವನ್ನು ಅಡಗಿಸಿಟ್ಟಿರಲಿಲ್ಲ, ಬೇರೆಯವರು ನಡುವೆ ಬಾಯಿ ಹಾಕಿದರೆ ಗದರಿಸಿ ಕೂರಿಸುತ್ತಿದ್ದರು. ಇಂಥ ವಿಚಾರಣೆ ಅಮೆರಿಕದಲ್ಲೂ ನಡೆಯುವುದಿಲ್ಲ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ. ಕೊನೆಗೆ, ಚಂದ್ರನ ಕೊಂಬುಗಳು ಯಾವ ಕಡೆ ಇದ್ದವು ಎಂದು ಕೇಳಿದರು. ಬಾಯಲ್ಲಿ ಹೇಳುವುದೇನು, ಬರೆದೇ ತೋರಿಸುತ್ತೇನೆ ಎಂದು ಬಗ್ಗಿ ಮರಳಿನ ಮೇಲೆ ಬೆರಳಿನಿಂದ ಬರೆದೆ. ಎರಡೂ ಕೊಂಬು ಮೇಲಕ್ಕೆ, ಹೊಟ್ಟೆ ಕೆಳಕ್ಕೆ, ಅಚ್ಚುಕಟ್ಟಾದ ದೋಣಿ. ಸಣ್ಣವನಿದ್ದಾಗ ಹರಿಹರದಲ್ಲಿ ಅಜ್ಜನ ಮನೆಯ ಮಾಳಿಗೆ ಹತ್ತಿ ವರ್ಷವರ್ಷವೂ ನೋಡಿದ ಚಂದ್ರ, ಕೈ ತಾನಾಗಿ ಬರೆಯಿತು.

ಅಂಕಲ್ ಕುರ್ಚಿಯಿಂದಲೇ ಬಗ್ಗಿ ಚಿತ್ರವನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ತಮ್ಮಾ ರಿಯಾಜ್, ನೀ ಬರದದ್ದು ಹರಿಹರದ ಚಂದ್ರ. ಅಲ್ಲಿ ಅಂವ ಮಲಗಿರ್ತಾನ. ಇಲ್ಲಿ ಈ ತಿಂಗಳದಾಗ ಎದ್ದು ನಿಂತಿರ್ತಾನ, ಕೊಂಬು ಬಲಕ್ಕ.”

ಭೂಮಿಯ ಈ ದಕ್ಷಿಣಾರ್ಧದಲ್ಲಿ ಅವನು ಸೂರ್ಯ ಮುಳುಗಿದ ಜಾಗದ ನೆತ್ತಿಯ ಮೇಲೂ ಇರುವುದಿಲ್ಲ, ಅಲ್ಲಿಂದ ಬಲಕ್ಕೆ ಸರಿದಿರುತ್ತಾನೆ ಎಂದು ಸೇರಿಸಿದರು. ಸನಾ ಕೂಡ ಸಮೋಸ ಅಗಿಯುತ್ತಲೇ “ಇಟ್ಸ್ ಸೈಡ್‌ವೇಸ್ ಹಿಯರ್, ಅಬ್ಬಾ” ಎಂದಳು. ಹದಿನಾಲ್ಕು ವರ್ಷದ ಹುಡುಗಿಗೆ ಗೊತ್ತಿರುವುದು ಇಷ್ಟು ಕಾಲ ಈ ಆಕಾಶದ ಕೆಳಗೇ ಬದುಕಿದ ನನಗೆ ಗೊತ್ತಿರಲಿಲ್ಲ. ಪೆನ್‌ರೋಸ್‌ನಲ್ಲಿ ಕೂತು ಅಮೆರಿಕದವರು ಕಂಡದ್ದನ್ನು ಪರೀಕ್ಷಿಸುವವನು ತಲೆ ಎತ್ತಿ ಚಂದ್ರನನ್ನು ಯಾಕೆ ನೋಡುತ್ತಾನೆ? ಹಾಗಾದರೆ ನಾನು ಕಂಡದ್ದೇನು? ಮೋಡದ ಅಂಚೋ, ವಿಮಾನ ಎಳೆದ ಗೆರೆಯೋ, ನಿಜಕ್ಕೂ ಚಂದ್ರನೋ, ದೇವರಾಣೆಗೂ ಗೊತ್ತಿಲ್ಲ. ಇಂಥ ಸಾಕ್ಷಿಯ ಹೇಳಿಕೆ ಆಫೀಸಿನಲ್ಲಿ ನನ್ನ ಕೈಗೆ ಸಿಕ್ಕಿದ್ದರೆ ಕಣ್ಣು ಮಿಟುಕಿಸದೆ ಕಸಕ್ಕೆ ಹಾಕುತ್ತಿದ್ದೆ.

ಆದರೆ ಅಂಕಲ್ ಒಳ್ಳೆಯವರು. ಒಂದು ಸಲ ನಸೀಮಾಳ ಕಡೆ ನೋಡಿ, ನನ್ನ ಕಡೆ ನೋಡಿ, “ನೆನಪ ಮಾಡಿಕೊಂಡು ಹೇಳಪ್ಪಾ. ಬಲಕ್ಕ ಇದ್ದಿರಬಹುದೇನು?” ಎಂದರು. ಉತ್ತರವನ್ನೇ ಕೈಗಿಡುವ ಪ್ರಶ್ನೆ ಇದು. ಅಮೆರಿಕದ ಯಾವ ವಕೀಲನಾದರೂ ಎದ್ದು ನಿಂತು ಆಕ್ಷೇಪ ಎತ್ತಬೇಕಾದ ಪ್ರಶ್ನೆ. ನಾನು ಎತ್ತಲಿಲ್ಲ. ಹೌದು ಎಂದರೆ ಸಾಕು, ನಾಳೆ ಹಬ್ಬ, ನಸೀಮಾ ಮನೆಯಲ್ಲಿ. ನನಗೆ ಅದು ಎಷ್ಟು ಬೇಕಾಗಿತ್ತೆಂದರೆ, ನೆನಪಿನಲ್ಲಿದ್ದ ಆ ದೋಣಿ ನಿಧಾನಕ್ಕೆ ಎದ್ದು ಬಲಕ್ಕೆ ತಿರುಗಿ ನಿಲ್ಲಲು ಶುರುಮಾಡಿತ್ತು. ಕೊನೆಗೆ ನನಗೆ ಉಳಿದಿದ್ದ ಒಂದೇ ಹಕ್ಕನ್ನು ಬಳಸಿಕೊಂಡು ಸುಮ್ಮನೆ ನಿಂತೆ. ಆರೋಪಿ ಸುಮ್ಮನಿದ್ದರೆ ಅದರಿಂದ ಯಾವ ಅರ್ಥವನ್ನೂ ತೆಗೆಯಬಾರದು ಎಂದು ಅಮೆರಿಕದ ನಿಯಮ.

ನಸೀಮಾ ಅರ್ಥ ತೆಗೆದಳು. ಚಹಾದ ಫ್ಲಾಸ್ಕಿನ ಮುಚ್ಚಳ ತಿರುವುತ್ತ ಅಂಕಲ್ ಹತ್ತಿರ ಬಂದು, ಜಗಳದ ದನಿಯಲ್ಲೂ ಅಲ್ಲ, ನಗುವ ದನಿಯಲ್ಲೂ ಅಲ್ಲ, ಹೇಳಿದಳು: “ಇವರ ಹೆಸರು ಹೇಳಬ್ಯಾಡ್ರಿ, ಅಂಕಲ್. ಇವರಿಗೆ ಕಂಡದ್ದು ಚಂದ್ರ ಅಲ್ಲ, ನನ್ನ ರಜಾ.”

ಅಂಕಲ್ ಫೋನೆತ್ತಿ, ನಮ್ಮ ಕಡೆ ಸಾಕ್ಷಿ ಇಲ್ಲ ಎಂದರು. ಎಲ್ಲಿಂದಲೂ ಎರಡನೆಯ ಸಾಕ್ಷಿ ಬರಲಿಲ್ಲ, ಹಬ್ಬ ಶನಿವಾರಕ್ಕೆ ಹೋಯಿತು. ವಾಪಸ್ಸು ಬರುವಾಗ ಕಾರಿನಲ್ಲಿ, ಗಂಡನ ವಿರುದ್ಧ ಸಾಕ್ಷಿ ಹೇಳು ಎಂದು ಹೆಂಡತಿಯನ್ನು ಅಮೆರಿಕದಲ್ಲಿ ಒತ್ತಾಯಿಸುವಂತಿಲ್ಲ ಎಂದೆ. ಯಾರು ಒತ್ತಾಯಿಸಿದರು ಎಂದಳು. ಶುಕ್ರವಾರದ ರಜೆಯನ್ನು ಅವಳು ಉಪವಾಸವಿದ್ದುಕೊಂಡೇ ಅಡುಗೆಮನೆಯಲ್ಲಿ ಕಳೆದಳು. ತಾನು ಇರದ ಹಬ್ಬಕ್ಕೆ ಮಾಂಸ ಮಸಾಲೆಯಲ್ಲಿ ಕಲಸಿಟ್ಟಳು, ಸನಾಳ ಬಟ್ಟೆಗೆ ಇಸ್ತ್ರಿ ಹಾಕಿದಳು. ನಾನು ಈರುಳ್ಳಿ ಹೆಚ್ಚಿಕೊಟ್ಟೆ, ಕಣ್ಣೀರಿಗೆ ಅದು ಒಳ್ಳೆಯ ನೆಪವಾಯಿತು. ಆ ಸಂಜೆ ಚಂದ್ರ ಇಡೀ ಹೆಂಡರ್ಸನ್‌ಗೆ ಕಾಣುವಂತೆ ಎದ್ದು ನಿಂತಿದ್ದ, ಕೊಂಬು ಬಲಕ್ಕೆ. ಯಾರ ಸಾಕ್ಷಿಯೂ ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ನಾನು ನಮಾಜಿಗೆ ಸ್ನಾನ ಮಾಡಿ ಬರುವಷ್ಟರಲ್ಲಿ ಅವಳು ಯೂನಿಫಾರ್ಮ್ ಹಾಕಿಕೊಂಡು, ಕಾರಿನ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲೆ ನನಗೊಂದು ಬಟ್ಟಲು ಸುರಕುಂಬಾ, ಹಬ್ಬದ ಶಾವಿಗೆ ಪಾಯಸ. ಹೇಗಾಗಿದೆ ಎಂದು ಕೇಳಿದಳು. ಅವಳನ್ನು ಈ ಹಬ್ಬದಲ್ಲೂ ಹೀಗೆ ಕಳಿಸಬೇಕಲ್ಲ ಎಂಬ ಸಂಕಟದಲ್ಲಿದ್ದ ನಾನು, ಬಹಳ ಚೆನ್ನಾಗಿದೆ, ಇಂಥದ್ದನ್ನು ಜನ್ಮದಲ್ಲಿ ತಿಂದಿಲ್ಲ ಎಂದೆ. ಅವಳು ಮೇಜಿನ ಮೇಲಿನ ಬಟ್ಟಲು ನೋಡಿದಳು. ಆಮೇಲೆ ನಕ್ಕಳು, ಎರಡು ದಿನದಲ್ಲಿ ಮೊದಲ ಸಲ.

“ಮೊದಲು ಬಾಯಾಗ ಇಟ್ಟಕೋರಿ, ಆಮ್ಯಾಲೆ ಹೇಳ್ರಿ” ಎಂದು ಬಾಗಿಲು ಎಳೆದುಕೊಂಡು ಹೋದಳು. ಚಮಚ ಇನ್ನೂ ಬಟ್ಟಲಲ್ಲೇ ಇತ್ತು.